ಪ್ರಸ್ಥಾನದ ಗಂಟಿನಿಂದ ಕಾಣೆಯಾದ ಪಾಸ್‌ಪೋರ್ಟಿನ ಬಗ್ಗೆ ಅಂಬುಜಮ್ಮನ ಹೇಳಿಕೆ

ತುಮಕೂರು ಟೌನ್ ಪೊಲೀಸ್ ಠಾಣೆ
ದಿನಾಂಕ 19-7-1961, ಬುಧವಾರ, ಬೆಳಿಗ್ಗೆ 10-30 ಗಂಟೆ

ಹೆಸರು ಅಂಬುಜಮ್ಮ, ಗಂಡನ ಹೆಸರು ಸೀತಾರಾಮಯ್ಯ, ವಯಸ್ಸು 36 ವರ್ಷ, ಕಸುಬು ಮನೆಗೆಲಸ, ಓದು ಮಿಡಲ್ ಸ್ಕೂಲ್ ಪಾಸು, ತವರೂರು ಗುಬ್ಬಿ, ಹಾಲಿ ವಾಸ ತುಮಕೂರು ಚಿಕ್ಕಪೇಟೆ, ಛತ್ರದ ಹಿಂದಿನ ವಠಾರದಲ್ಲಿ ಉತ್ತರದ ತುದಿಯ ಮನೆ. ಸದರಿ ವಠಾರದಿಂದ ಈ ಠಾಣೆಯು ಉತ್ತರಕ್ಕೆ ಎರಡು ಫರ್ಲಾಂಗ್ ದೂರದಲ್ಲಿರುತ್ತದೆ. ನಾನು ಯಾರೂ ಎಳೆದು ತರದೆ ನನ್ನ ಕಾಲಲ್ಲೇ ನಡೆದು ಬಂದು, ಹೆಡ್ ಕಾನ್ಸ್‌ಟೇಬಲ್ ದೊಡ್ಡರಂಗಯ್ಯನವರು ಕೇಳಿದ್ದಕ್ಕೂ ಕೇಳದೆ ಬಿಟ್ಟಿದ್ದಕ್ಕೂ ಸೇರಿಸಿ ಹೇಳಿ ಬರೆಸುವುದೇನೆಂದರೆ:

ನನ್ನ ತಂಗಿ ಕೌಸಲ್ಯಳ ಗಂಡ ಪಟ್ಟಾಭಿರಾಮ ನಿನ್ನೆ ಸಾಯಂಕಾಲ ಇದೇ ಠಾಣೆಯಲ್ಲಿ ಒಂದು ದೂರು ಕೊಟ್ಟಿರುತ್ತಾನೆ. ತಾನೂ ತನ್ನ ಹೆಂಡತಿಯೂ ವಿದೇಶಕ್ಕೆ ಹೋಗುವುದನ್ನು ಸಹಿಸಲಾರದೆ, ಹೊಟ್ಟೆಕಿಚ್ಚಿನಿಂದ ನಾನು ಅವರ ಪಾಸ್‌ಪೋರ್ಟನ್ನು ಕದ್ದು ಬಚ್ಚಿಟ್ಟಿದ್ದೇನೆ ಅಥವಾ ಒಲೆಗೆ ಹಾಕಿದ್ದೇನೆ ಎಂದು ಅದರಲ್ಲಿ ಬರೆದಿದೆಯೆಂದು ತಿಳಿಯಿತು. ಹೊಟ್ಟೆಕಿಚ್ಚಿನ ಮಾತು ನಿಜ. ಕದ್ದ ಮಾತು ನಿಜವಲ್ಲ. ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಹೆಡ್ ಕಾನ್ಸ್‌ಟೇಬಲ್‌ರವರು "ಹೊಟ್ಟೆಕಿಚ್ಚನ್ನೆಲ್ಲ ಬರ್ಯಕ್ಕಾಗಲ್ಲ ಕಣಮ್ಮಾ, ನಡೆದಿದ್ದು ಹೇಳಿ ಸಾಕು" ಎಂದರು. ನಡೆದದ್ದೇ ಅದು, ಅದನ್ನು ಬಿಟ್ಟರೆ ಬರೆಯಲು ಬೇರೇನೂ ಉಳಿಯುವುದಿಲ್ಲ ಎಂದು ಹೇಳಿದ ಮೇಲೆ ಬರೆದುಕೊಂಡಿರುತ್ತಾರೆ.

ಕೌಸಲ್ಯ ನನಗಿಂತ ಎಂಟು ವರ್ಷ ಚಿಕ್ಕವಳು. ನನ್ನನ್ನು ಹದಿನೈದಕ್ಕೆ ಮದುವೆ ಮಾಡಿ ಕಳುಹಿಸಿದ ನಮ್ಮ ತಂದೆ ಅವಳನ್ನು ಎಸ್.ಎಸ್.ಎಲ್.ಸಿ. ತನಕ ಓದಿಸಿದರು. ಕಾಲ ಬದಲಾಯಿತು ಎಂದರು. ನನ್ನ ಯಜಮಾನರು ಮತ್ತು ಪಟ್ಟಾಭಿರಾಮ ಷಡ್ಡಕರು ಮಾತ್ರವಲ್ಲ, ಒಂದೇ ಹೈಸ್ಕೂಲಿನಲ್ಲಿ ಮೇಷ್ಟ್ರುಗಳು. ನಮ್ಮವರು ಚರಿತ್ರೆ ಮತ್ತು ಭೂಗೋಳ ಹೇಳುತ್ತಾರೆ, ಅವನು ಲೆಕ್ಕ ಹೇಳುತ್ತಾನೆ. ಇರುವುದೂ ಒಂದೇ ವಠಾರ. ಎರಡು ಮನೆಗಳ ನಡುವೆ ಒಂದು ಬಾವಿ ಇರುತ್ತದೆ. ಅವರ ಮನೆಯಲ್ಲಿ ಪಟ್ಟಾಭಿರಾಮನ ತಾಯಿ ಅಲಮೇಲಮ್ಮನವರೂ ಇದ್ದಾರೆ. ಇವರ ಹಿರಿಯ ಮಗ ಕುಣಿಗಲಿನಲ್ಲಿದ್ದಾನೆ.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಯಜಮಾನರು ಪತ್ರಿಕೆಯಲ್ಲಿ ಒಂದು ಜಾಹೀರಾತು ನೋಡಿದರು. ಇಥಿಯೋಪಿಯ ದೇಶದ ಸರ್ಕಾರಕ್ಕೆ ಇಂಡಿಯಾದಿಂದ ಮೇಷ್ಟ್ರುಗಳು ಬೇಕು, ಎರಡು ವರ್ಷದ ಕರಾರು, ಹೆಂಡತಿಯನ್ನು ಕರೆದುಕೊಂಡು ಹೋಗಬಹುದು ಎಂದು ಅದರಲ್ಲಿತ್ತು. ಹಳೆಯ ಭೂಪಟದಲ್ಲಿ ಅಬಿಸೀನಿಯ ಎಂದು ಬರೆದಿರುವುದು ಇದೇ ದೇಶ. ಹೆಂಡತಿಯನ್ನು ಎಂಬ ಮಾತನ್ನು ನಾನು ಅವರಿಂದ ಎರಡು ಸಲ ಓದಿಸಿದೆನು. ಅದುವರೆಗೆ ನಾನು ಪಶ್ಚಿಮಕ್ಕೆ ಗುಬ್ಬಿ, ದಕ್ಷಿಣಕ್ಕೆ ಕುಣಿಗಲು, ಮದುವೆಯ ಸೀರೆ ತರಲು ಒಂದು ಸಲ ಬೆಂಗಳೂರು, ಇಷ್ಟು ಬಿಟ್ಟರೆ ಲೋಕ ಕಂಡವಳಲ್ಲ. ಅದೇ ವಾರ ಇಬ್ಬರೂ ಸ್ಟುಡಿಯೋಗೆ ಹೋಗಿ ಪಾಸ್‌ಪೋರ್ಟಿಗೆಂದು ಜೊತೆಯಾಗಿ ಫೋಟೋ ತೆಗೆಸಿಕೊಂಡೆವು. ನಾನು ಅಮ್ಮ ಕೊಟ್ಟ ಕೆಂಪಿನ ಓಲೆ ಹಾಕಿಕೊಂಡಿದ್ದೆನು. ಫೋಟೋದವನು ಅದನ್ನು ದಪ್ಪ ರಟ್ಟಿಗೆ ಅಂಟಿಸಿ ಕೊಟ್ಟನು.

ನಮ್ಮವರಿಗೆ ಮನಸ್ಸಿನಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಜಾಹೀರಾತನ್ನು ಕೊಂಡೊಯ್ದು ಪಟ್ಟಾಭಿರಾಮನಿಗೂ ತೋರಿಸಿದರು. ಅವನಿಗೆ ಆಗ ಆ ದೇಶ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ. ಇಬ್ಬರೂ ಅರ್ಜಿ ಹಾಕಿ, ಬೆಂಗಳೂರಿನಲ್ಲಿ ಒಂದೇ ದಿನ ಇಂಟರ್‌ವ್ಯೂ ಮುಗಿಸಿ, ಒಂದೇ ಬಸ್ಸಿನಲ್ಲಿ ವಾಪಸು ಬಂದರು. ಆ ದೇಶಕ್ಕೆ ಲೆಕ್ಕದ ಮೇಷ್ಟ್ರು ಬೇಕಾಗಿದ್ದರು, ಚರಿತ್ರೆಯವರು ಬೇಕಾಗಿರಲಿಲ್ಲ. ದಾರಿ ಹುಡುಕಿದವರು ನಮ್ಮ ಯಜಮಾನರು, ಹೊರಟು ನಿಂತವನು ಪಟ್ಟಾಭಿರಾಮ. ಆ ಕಾಗದ ಬಂದ ದಿನ ನನ್ನ ಹೊಟ್ಟೆ ಧಗಧಗ ಉರಿಯಿತು. ನಾನು ಕೌಸಲ್ಯಳ ಮನೆಗೆ ಹೋಗಿ ಸಕ್ಕರೆ ತಿಂದು, ತುಂಬಾ ಸಂತೋಷ ಎಂದು ಹೇಳಿ ಬಂದೆನು. ಫೋಟೋವನ್ನು ಟ್ರಂಕಿನ ತಳದಲ್ಲಿ ಇಟ್ಟೆನು.

ಪಾಸ್‌ಪೋರ್ಟಿನ ಫೋಟೋ ತೆಗೆಸುವ ದಿನ ಕೌಸಲ್ಯ ಬಂದು "ಅಕ್ಕ, ಒಂದಿನದ ಮಟ್ಟಿಗೆ ನಿನ್ನ ಕೆಂಪಿನೋಲೆ ಕೊಡೇ" ಎಂದು ಕೇಳಿದಳು. ಕೊಟ್ಟೆನು. ಅದೇ ದಿನ ಸಾಯಂಕಾಲ ವಾಪಸು ಕೇಳಿ ಇಸಿದುಕೊಂಡೆನು.

ನಮ್ಮ ಯಜಮಾನರಿಗೆ ತಾನು ಹೋಗಲಿಲ್ಲವೆಂಬ ಕೊರಗು ಎರಡು ದಿನವೂ ಇರಲಿಲ್ಲ. ಅವರ ಪಾಲಿನ ಹೊಟ್ಟೆಕಿಚ್ಚನ್ನೂ ನಾನೇ ಪಡಬೇಕಾಯಿತು. ಅವರು ಬೇಸಿಗೆ ರಜದಲ್ಲಿ ತಾವೇ ಬೆಂಗಳೂರಿಗೆ ಹೋಗಿ, ದಂಡು ಎನ್ನುವ ಕಂಟೋನ್ಮೆಂಟಿನಲ್ಲಿ ಹಡಗಿನ ಪ್ರಯಾಣದ ಏರ್ಪಾಟು ಮಾಡಿಕೊಡುವ ಒಂದು ಕಂಪನಿಯಲ್ಲಿ ಕುಳಿತು, ಯಾವ ದೇಶಕ್ಕೆ ಯಾವ ವೀಸಾ ಬೇಕು ಎಂದು ಷಡ್ಡಕನ ಪರವಾಗಿ ವಿಚಾರಿಸಿಕೊಂಡು ಬಂದರು. ಪಟ್ಟಾಭಿರಾಮನಿಗೆ ಟ್ಯೂಷನ್ ಹುಡುಗರ ಗಲಾಟೆಯಲ್ಲಿ ಅದನ್ನು ಕೇಳಲು ಪುರಸೊತ್ತು ಇರಲಿಲ್ಲ. ಆದ್ದರಿಂದ ಪ್ರತಿದಿನ ಸಾಯಂಕಾಲ ಕಾಫಿ ಆದ ಮೇಲೆ ನಮ್ಮ ಮನೆಯ ಜಗಲಿಯ ಮೇಲೆ ಅಟ್ಲಾಸು ಹರಡಿಕೊಂಡು ಕೌಸಲ್ಯಳಿಗೆ ಹೇಳುತ್ತಿದ್ದರು. ನಾನು ಒಳಗೆ ಬಾಗಿಲ ಮರೆಯಲ್ಲಿ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆನು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದ್ದೂ ಉಂಟು.

ಅವರು ಹೇಳಿದ ಮಾತು ನನಗೆ ಬಾಯಿಪಾಠವಾಗಿರುತ್ತದೆ. "ನೋಡಮ್ಮ ಕೌಸಲ್ಯ, ಪಾಸ್‌ಪೋರ್ಟು ಇರೋದು ನಮ್ಮ ಸರ್ಕಾರ ನಮ್ಮನ್ನ ಆಚೆ ಬಿಡೋಕ್ಕೆ. ವೀಸಾ ಇರೋದು ಆ ಸರ್ಕಾರ ನಮ್ಮನ್ನ ಒಳಗೆ ಬಿಡೋಕ್ಕೆ. ಇದಿದ್ದು ಅದಿಲ್ಲ ಅಂದ್ರೆ ಬಂದರಲ್ಲೇ ತಡೀತಾರೆ." ಬೊಂಬಾಯಿಯಲ್ಲಿ ಹಡಗು ಹತ್ತಿ, ಏಡನ್ ಮೇಲೆ ಹೋಗಿ, ಜಿಬೂತಿ ಎಂಬ ಬಂದರಿನಲ್ಲಿ ಇಳಿದು ರೈಲು ಹಿಡಿಯಬೇಕು. ಜಿಬೂತಿ ಫ್ರೆಂಚರ ಸ್ವಾಧೀನದಲ್ಲಿದೆ, ಆದ್ದರಿಂದ ಬರೀ ದಾಟಿ ಹೋಗುವುದಕ್ಕೂ ಅವರದೊಂದು ವೀಸಾ ಬೇಕು, ಅದನ್ನು ಕಂಪನಿಯವರು ಬೊಂಬಾಯಿಯಲ್ಲೇ ಹಾಕಿಸಿ ಕೊಡುತ್ತಾರೆ. ಇಥಿಯೋಪಿಯದ ವೀಸಾ ಡೆಲ್ಲಿಯಿಂದ ಬರಬೇಕು. ಗಂಡ ಹೆಂಡತಿಗೆ ಪಾಸ್‌ಪೋರ್ಟು ಒಂದೇ, ಅದರಲ್ಲಿ ಇಬ್ಬರ ಫೋಟೋವೂ ಇರುತ್ತದೆ. ಆದರೆ ವೀಸಾದಲ್ಲಿ ಹೆಂಡತಿಯ ಹೆಸರನ್ನು ಬೇರೆಯಾಗಿ ಬರೆದಿರಬೇಕು, ಫೋಟೋ ಇದ್ದ ಮಾತ್ರಕ್ಕೆ ಬಿಡುವುದಿಲ್ಲ. ಈ ಮಾತನ್ನು ಅವರು ಒತ್ತಿ ಒತ್ತಿ ಹೇಳಿದರು. ಕೌಸಲ್ಯ ಹೂಂ ಭಾವ, ಹೂಂ ಭಾವ ಎನ್ನುತ್ತಾ ಭೂಪಟದ ಬಣ್ಣ ನೋಡುತ್ತಿದ್ದಳು.

ಒಂದು ದಿನ ಅವಳು ಎದ್ದು ಹೋದ ಮೇಲೆ ನಾನು ಜಗಲಿಗೆ ಬಂದು, ನನಗೂ ಸ್ವಲ್ಪ ತೋರಿಸಿ ಎಂದು ಕೇಳಿದೆನು. ಅವರು ಅಟ್ಲಾಸು ಮಡಿಸುತ್ತಾ "ನಿಂಗ್ಯಾಕೇ ಅದೆಲ್ಲ, ನೀನೇನು ಹೋಗ್ಬೇಕಾ" ಎಂದರು. ಕೋಪದಿಂದ ಹೇಳಿದ ಮಾತಲ್ಲ. ಕೋಪದಿಂದ ಹೇಳಿದ್ದರೆ ನಾನೂ ಎರಡು ಮಾತಾಡಿ ಸುಮ್ಮನಾಗುತ್ತಿದ್ದೆನು.

ಈ ತಿಂಗಳು 8ನೇ ತಾರೀಖು ಶನಿವಾರ ಡೆಲ್ಲಿಯಿಂದ ಪಾಸ್‌ಪೋರ್ಟು ವೀಸಾದ ಮೊಹರು ಹಾಕಿಸಿಕೊಂಡು ರಿಜಿಸ್ಟರ್ಡ್ ಅಂಚೆಯಲ್ಲಿ ಬಂದಿತು. ಆ ದಿನ ನಮ್ಮ ಯಜಮಾನರು ಊರಲ್ಲಿರಲಿಲ್ಲ, ಅವರ ಸೋದರಮಾವನ ವೈದಿಕಕ್ಕೆಂದು ಕುಣಿಗಲಿಗೆ ಹೋಗಿದ್ದರು. ಪಟ್ಟಾಭಿರಾಮ ಲಕೋಟೆ ಒಡೆದು, ಮೊಹರು ಬಿದ್ದಿರುವ ಹಾಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿದನು. ಅಷ್ಟರಲ್ಲಿ ಅಲಮೇಲಮ್ಮನವರು ಅದನ್ನು ಕೈಯಿಂದ ಇಸಿದುಕೊಂಡು ದೇವರ ಮನೆಗೆ ಹೋಗಿ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದರು. ಪೂಜೆಗೆ ಇಟ್ಟ ಮೇಲೆ ಅದನ್ನು ಬಿಡಿಸಿ ಓದುವ ಧೈರ್ಯ ಯಾರಿಗೂ ಬರಲಿಲ್ಲ. ಅದರಲ್ಲಿ ಏನು ಬರೆದಿದೆ ಎಂದು ಯಾರೂ ಓದಲಿಲ್ಲ ಎಂಬುದನ್ನು ಗಮನಿಸಬೇಕು.

ಹಡಗು ಬೊಂಬಾಯಿ ಬಿಡುವುದು 24ನೇ ತಾರೀಖು. ಅದಕ್ಕೆ ಇವರು 18ನೇ ತಾರೀಖು ಮಂಗಳವಾರ ರೈಲು ಹತ್ತಬೇಕೆಂದು ಟಿಕೆಟ್ಟಾಗಿತ್ತು. ಮಂಗಳವಾರ ಉತ್ತರಕ್ಕೆ ಹೊರಡಬಾರದು, ಮೇಲಾಗಿ ಆಷಾಢ. ಇಂಥ ಸಮಯದಲ್ಲಿ ನಮ್ಮಲ್ಲಿ ಪ್ರಸ್ಥಾನ ಇಡುವ ಪದ್ಧತಿ ಇದೆ. ಹೆಡ್ ಕಾನ್ಸ್‌ಟೇಬಲ್‌ರವರಿಗೆ ಇದು ಗೊತ್ತಿಲ್ಲವೆಂದು ಹೇಳಿದ್ದರಿಂದ ವಿವರಿಸುತ್ತೇನೆ. ಹೊರಡುವವರು ಮುಂಚೆಯೇ ಒಂದು ಒಳ್ಳೆಯ ದಿನ ನೋಡಿ, ಪ್ರಯಾಣಕ್ಕೆ ಬೇಕಾದ ಒಂದೆರಡು ವಸ್ತುಗಳನ್ನು ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೊಬ್ಬರ ಮನೆಯಲ್ಲಿ ಇಡುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ. ಆದರೆ ಹೊರಡುವ ತನಕ ಗಂಟನ್ನು ಬಿಚ್ಚಬಾರದು, ವಾಪಸು ಮನೆಯೊಳಕ್ಕೆ ತರಲೂಬಾರದು. ತಂದರೆ ಪ್ರಯಾಣ ಮುರಿದ ಹಾಗೆ.

ಎಲ್ಲರೂ ಪಂಚೆ, ಅಕ್ಕಿ, ಅಡಿಕೆ ಇಡುತ್ತಾರೆ. ಅಲಮೇಲಮ್ಮನವರು ಇದು ಹಡಗಿನ ಪ್ರಯಾಣ, ಪಾಸ್‌ಪೋರ್ಟಿಲ್ಲದೆ ಎಂಥ ಪ್ರಸ್ಥಾನ ಎಂದು ಹೇಳಿ ಅದನ್ನೂ ಗಂಟಿನೊಳಕ್ಕೆ ಸೇರಿಸಿದರು. ಇಡೀ ವಠಾರದಲ್ಲಿ ಯಾರಿಗೂ ಇದು ತಪ್ಪೆನಿಸಲಿಲ್ಲ, ನನಗೂ ಅನಿಸಲಿಲ್ಲ. ಅವರ ಮನೆಗೆ ಉತ್ತರಕ್ಕಿರುವುದು ನಮ್ಮ ಮನೆ. ಹಾಗಾಗಿ 10ನೇ ತಾರೀಖು ಸೋಮವಾರ ಬೆಳಿಗ್ಗೆ, ಹೋಗುವವರ ಗಂಟು ಹೋಗದಿದ್ದವಳ ಮನೆಗೆ ಬಂದು ನನ್ನ ದೇವರ ಮುಂದೆಯೇ ಕುಳಿತಿತು. ಅದಕ್ಕೆ ಎರಡು ಹೊತ್ತು ದೀಪ ಹಚ್ಚುವ ಕೆಲಸವೂ ನನ್ನ ಪಾಲಿಗೆ ಬಂದಿತು.

ಅದೇ ಸಾಯಂಕಾಲ ಕುಣಿಗಲಿನಿಂದ ಬಂದ ನಮ್ಮ ಯಜಮಾನರು ಚಪ್ಪಲಿ ಬಿಡುವ ಮುಂಚೆಯೇ ವೀಸಾದಲ್ಲಿ ಇಬ್ಬರ ಹೆಸರೂ ಇದೆಯೇ, ಓದಿ ನೋಡಿದಿರಾ ಎಂದು ಕೇಳಿದರು. ಅಲಮೇಲಮ್ಮನವರು "ಗಂಟು ಕಟ್ಟಾಯ್ತಲ್ಲ ಮೇಷ್ಟ್ರೇ, ಇನ್ನು ಬಿಚ್ಚೋ ಹಾಗಿಲ್ಲ. ಮೊಹರು ಬಿದ್ದಿದೆ, ಇಬ್ಬರ ಫೋಟೋನೂ ಇದೆ, ಇನ್ನೇನ್ರೀ ಬೇಕು" ಎಂದರು. ಪಟ್ಟಾಭಿರಾಮನೂ ಫೋಟೋ ಇದೆಯಲ್ಲ ಭಾವ ಎಂದನು. ನಮ್ಮವರು ದೊಡ್ಡವರಿಗೆ ಎದುರು ಮಾತನಾಡುವವರಲ್ಲ. ಸರಿ ಹಾಗಾದರೆ ಎಂದು ಕಾಲು ತೊಳೆಯಲು ಹೋದರು.

11ನೇ ತಾರೀಖು ಮಂಗಳವಾರ ಮಧ್ಯಾಹ್ನ ಯಜಮಾನರು ಸ್ಕೂಲಿನಲ್ಲಿದ್ದಾಗ ನಾನು ಗಂಟು ಬಿಚ್ಚಿದೆನು. ವೀಸಾ ನೋಡಬೇಕೆಂದು ಬಿಚ್ಚಿದ್ದಲ್ಲ. ನನ್ನ ಓಲೆಯಲ್ಲಿ ಅವಳು ಹೇಗೆ ಕಾಣುತ್ತಾಳೆ ಎಂದು ನೋಡಲು ಬಿಚ್ಚಿದ್ದು. ಚೆನ್ನಾಗಿ ಕಾಣುತ್ತಿದ್ದಳು. ನನಗಿಂತ ಅವಳಿಗೇ ಒಪ್ಪುತ್ತಿತ್ತು. ಆ ಸಂಕಟದಲ್ಲಿ ಹಾಳೆ ತಿರುವಿ ಹಾಕುತ್ತಾ ಹೋದಾಗ ಮೊಹರು ಬಿದ್ದಿದ್ದ ಹಾಳೆ ಸಿಕ್ಕಿತು. ನಾನು ಇಂಗ್ಲಿಷು ಅಕ್ಷರ ಕೂಡಿಸಿ ಓದಬಲ್ಲೆನು. ಅದರಲ್ಲಿ ಪಟ್ಟಾಭಿರಾಮನ ಹೆಸರು ಮಸಿಯಲ್ಲಿ ಬರೆ‍ದಿತ್ತು. ಕೌಸಲ್ಯಳ ಹೆಸರಿರಲಿಲ್ಲ. ಒಬ್ಬರಿಗೆ ಮಾತ್ರ ಎಂದೂ ಬರೆದಿತ್ತು. ಮೂರು ಸಲ ಓದಿದೆನು, ಮೂರು ಸಲವೂ ಇರಲಿಲ್ಲ.

ನನಗೆ ಸಂತೋಷವಾಯಿತು. ಇದನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಗಂಟನ್ನು ಮೊದಲಿದ್ದ ಹಾಗೆ ಕಟ್ಟಿಟ್ಟು, ಅಡುಗೆ ಮನೆಗೆ ಹೋಗಿ ಗಸಗಸೆ ಪಾಯಸಕ್ಕೆ ಹುರಿಯಲು ಕುಳಿತೆನು. ಅವಳು ಬೊಂಬಾಯಿಯ ತನಕ ಹೋಗಿ, ಸಮುದ್ರ ನೋಡಿ, ಟ್ರಂಕು ಹೊತ್ತುಕೊಂಡು ವಾಪಸು ಬರುವುದನ್ನು ನೆನೆಸಿಕೊಂಡು ಬೆಲ್ಲ ಸ್ವಲ್ಪ ಹೆಚ್ಚಾಗಿಯೇ ಬಿದ್ದಿತು.

ರಾತ್ರಿ ಊಟಕ್ಕೆ ಕುಳಿತಾಗ ಯಜಮಾನರು ಇವತ್ತೇನು ವಿಶೇಷ, ಪಾಯಸ ಮಾಡಿದ್ದೀಯ ಎಂದು ಕೇಳಿದರು. ಸುಮ್ಮನೆ ಎಂದೆನು. ಎರಡನೇ ಲೋಟ ಕುಡಿಯುತ್ತಾ ಅವರು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. "ಕೌಸಲ್ಯ ಹೊರಟೋದ್ರೆ ಸಾಯಂಕಾಲದ ಹೊತ್ತು ಮನೆ ಬಣಬಣ ಅನ್ಸತ್ತೆ ಕಣೇ." ಇಪ್ಪತ್ತೊಂದು ವರ್ಷದಿಂದ ಆ ಮನೆಯಲ್ಲಿ ಸಾಯಂಕಾಲದ ಹೊತ್ತು ನಾನಿದ್ದೇನೆ. ನನ್ನ ಲೋಟದ ಪಾಯಸವನ್ನು ಬಚ್ಚಲಿಗೆ ಸುರಿದೆನು.

ನನ್ನ ಯಜಮಾನರ ನಡತೆಯ ಬಗ್ಗೆ ಸಂಶಯವಿದೆಯೇ ಎಂದು ಹೆಡ್ ಕಾನ್ಸ್‌ಟೇಬಲ್‌ರವರು ಕೇಳಿದರು. ಇಲ್ಲ. ಅವರು ಚಿನ್ನದಂಥ ಮನುಷ್ಯರು. ಪಾಠ ಕೇಳುವವರು ಸಿಕ್ಕರೆ ಅವರಿಗೆ ಊಟ ಬೇಡ. ಕೇಳುವವಳು ನಾನಾಗಬಹುದಿತ್ತು ಎಂಬುದು ಅವರ ತಲೆಗೆ ಹೋಗಲಿಲ್ಲ, ಅಷ್ಟೇ ನನ್ನ ದೂರು.

12ನೇ ತಾರೀಖು ಬುಧವಾರ ಬೆಳಿಗ್ಗೆ ಬಾವಿಯ ಹತ್ತಿರ ಕೌಸಲ್ಯ ಸಿಕ್ಕಳು. ನಾನು ಒಳಗೊಳಗೇ ನಗುತ್ತಾ, ನಿನ್ನನ್ನು ಹಡಗು ಹತ್ತಿಸಿಕೊಳ್ಳದಿದ್ದರೆ ಏನು ಮಾಡುತ್ತೀಯೇ ಎಂದು ತಮಾಷೆಗೆ ಕೇಳಿದೆನು. ಅವಳು ಹಗ್ಗ ಎಳೆಯುತ್ತಾ "ನಿಮ್ಮನೆಗೇ ಬಂದ್ಬಿಡ್ತೀನಪ್ಪ. ನಮ್ಮನೆ ಬೇರೆಯೋರಿಗೆ ಬಾಡಿಗೆಗೆ ಕೊಟ್ಟಾಯ್ತು, ಅತ್ತೆ ಕುಣಿಗಲ್ಲಿಗೆ ಹೋಗ್ತಾರೆ. ಇವರು ಎರಡು ವರ್ಷ ಮುಗಿಸ್ಕೊಂಡು ಬರೋ ತನಕ ನಂಗೆ ನೀನೇ ಗತಿ ಅಕ್ಕ. ಭಾವ ಆಗ್ಲೇ ಹೇಳಿದಾರೆ, ಹಾಗೇನಾದ್ರೂ ಆದ್ರೆ ಪಿ.ಯು.ಸಿ.ಗೆ ಕಟ್ಟು, ನಾನು ಓದಿಸ್ತೀನಿ ಅಂತ" ಎಂದಳು. ನನ್ನ ಕೈಯಿಂದ ಬಿಂದಿಗೆ ಜಾರಿ ಬಾವಿಕಟ್ಟೆಗೆ ಬಡಿದು ನೆಗ್ಗಿತು. ನೆಗ್ಗಿದ ಬಿಂದಿಗೆಯನ್ನು ಬೇಕಾದರೆ ತಂದು ತೋರಿಸುತ್ತೇನೆ.

ಆ ದಿನವೆಲ್ಲ ನಾನು ಯೋಚನೆ ಮಾಡಿದೆನು. ಅವಳು ಹೋದರೆ ನನ್ನ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಅವಳು ಸಮುದ್ರದ ಆಚೆ ಇರುತ್ತಾಳೆ. ಹೋಗದಿದ್ದರೆ ಎರಡು ವರ್ಷ ನನ್ನ ಮನೆಯಲ್ಲೇ, ನನ್ನ ಜಗಲಿಯ ಮೇಲೆಯೇ, ನನ್ನ ಗಂಡನ ಅಟ್ಲಾಸಿನ ಮುಂದೆಯೇ ಕುಳಿತಿರುತ್ತಾಳೆ. ನಾನು ಕಾಫಿ ಬೆರೆಸಿ ತಂದುಕೊಡಬೇಕು. ಊರವರೆಲ್ಲ ಅಯ್ಯೋ ಪಾಪ ಕೌಸಲ್ಯ ಎನ್ನುತ್ತಾರೆ. ನನ್ನನ್ನು ಯಾರೂ ಪಾಪ ಎನ್ನುವುದಿಲ್ಲ. ಎರಡರಲ್ಲಿ ಯಾವ ಉರಿ ಹೆಚ್ಚು ಎಂದು ಹೆಡ್ ಕಾನ್ಸ್‌ಟೇಬಲ್‌ರವರು ಲೇಖನಿ ನಿಲ್ಲಿಸಿ ಕೇಳಿದರು. ಎರಡನೆಯದು ಎಂದು ಹೇಳಿರುತ್ತೇನೆ.

ವೀಸಾದ ವಿಷಯವನ್ನು ಯಜಮಾನರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಉತ್ತರ: ಹೇಳಿದರೆ ಗಂಟು ಬಿಚ್ಚಿದ್ದು ಹೊರಬೀಳುತ್ತದೆ. ಮುಂದೆ ಅಬಿಸೀನಿಯದಲ್ಲಿ ಅವರಿಗೆ ಒಂದು ನೆಗಡಿ ಬಂದರೂ ಅಲಮೇಲಮ್ಮನವರು ಕುಣಿಗಲಿನಲ್ಲಿ ಕುಳಿತು ನನ್ನ ಹೆಸರು ಹೇಳುತ್ತಾರೆ. ಆದ್ದರಿಂದ ಯಾರಿಗೂ ಹೇಳದೆ ನಾನೇ ಸರಿ ಮಾಡಿಸುವುದೆಂದು ತೀರ್ಮಾನಿಸಿದೆನು.

13ನೇ ತಾರೀಖು ಗುರುವಾರ ಬೆಳಿಗ್ಗೆ ಪಾಸ್‌ಪೋರ್ಟನ್ನು ಗಂಟಿನಿಂದ ತೆಗೆದೆನು. ಗಂಟು ಸಡಿಲವಾಗಿ ಕಂಡಿತು. ಮುಟ್ಟಿ ನೋಡಿದವರಿಗೆ ಗೊತ್ತಾಗುವಂತಿತ್ತು. ಅಷ್ಟೇ ಅಗಲದ, ಅಷ್ಟೇ ಗಟ್ಟಿಯಾದ ವಸ್ತು ಮನೆಯಲ್ಲೆಲ್ಲ ಹುಡುಕಿದರೂ ಒಂದೇ ಸಿಕ್ಕಿತು. ಟ್ರಂಕಿನ ತಳದಲ್ಲಿದ್ದ ನಮ್ಮಿಬ್ಬರ ಫೋಟೋ. ಅದನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಗಂಟಿನೊಳಗೆ ಇಟ್ಟು ಕಟ್ಟಿದೆನು.

ಗುಬ್ಬಿಯಲ್ಲಿ ಅಮ್ಮನಿಗೆ ಮಂಡಿನೋವು, ನೋಡಿಕೊಂಡು ಬರುತ್ತೇನೆ ಎಂದು ಯಜಮಾನರಿಗೆ ಸುಳ್ಳು ಹೇಳಿ ಮನೆ ಬಿಟ್ಟೆನು. ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸನ್ನು ಬಿಟ್ಟು ಬೆಂಗಳೂರು ಬಸ್ಸು ಹತ್ತಿದೆನು. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಪಾಸ್‌ಪೋರ್ಟು ಚೀಲದಲ್ಲಿ ಅವಲಕ್ಕಿಯ ಕೆಳಗೆ ಇತ್ತು. ಕಿವಿಯಲ್ಲಿ ಕೆಂಪಿನ ಓಲೆ ಹಾಕಿಕೊಂಡಿದ್ದೆನು. ದಾಬಸ್‌ಪೇಟೆ ದಾಟುವ ತನಕ ಭಯವಾಗಿತ್ತು. ಆಮೇಲೆ ಕಿಟಕಿಯ ಪಕ್ಕಕ್ಕೆ ಸರಿದು ಕುಳಿತೆನು.

ಬೆಂಗಳೂರಿನಲ್ಲಿ ಜಟಕಾ ಮಾಡಿಕೊಂಡು ದಂಡಿಗೆ ಹೋಗಿ, ಯಜಮಾನರು ಜಗಲಿಯ ಮೇಲೆ ಹೇಳುತ್ತಿದ್ದ ಗುರುತಿನ ಪ್ರಕಾರ ಕಂಪನಿಯ ಕಚೇರಿಯನ್ನು ಹುಡುಕಿದೆನು. ಅಲ್ಲಿದ್ದ ಗುಮಾಸ್ತರು ಪಾಸ್‌ಪೋರ್ಟನ್ನು ತೆಗೆದು, ಫೋಟೋ ನೋಡಿ, ನನ್ನ ಕಿವಿ ನೋಡಿ, ಮತ್ತೆ ಫೋಟೋ ನೋಡಿ "ಇದು ನೀವೇನಾಮ್ಮ" ಎಂದು ಕೇಳಿದರು. ನಾನು "ಓಲೆ ನನ್ನದು, ಮುಖ ನನ್ನ ತಂಗೀದು" ಎಂದೆನು. ಹೌದು ಎಂದುಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಆದರೆ ಅನ್ನಲಿಲ್ಲ.

ಅವರು ವೀಸಾ ಓದಿ ನೋಡಿ, ಇದು ಕೆಲಸಕ್ಕೆ ಹೋಗುವವರ ವೀಸಾ, ಗಂಡನಿಗೆ ಮಾತ್ರ ಆಗುತ್ತದೆ, ಹೆಂಡತಿಗೆ ಬೇರೆ ಬೇಕು, ಈಗಲಾದರೂ ತಂದಿರಲ್ಲ ಎಂದರು. ಹೆಂಡತಿಗೆ ಎರಡು ತರಹದ ವೀಸಾ ಸಿಗುತ್ತದೆ ಎಂದು ವಿವರಿಸಿದರು. ಒಂದು ಸುಮ್ಮನೆ ನೋಡಿಕೊಂಡು ಬರುವವರದು. ಅದು ಸಲೀಸು, ಬೇಗ ಆಗುತ್ತದೆ, ಆದರೆ ಒಂದು ತಿಂಗಳಾದ ಕೂಡಲೇ ದೇಶ ಬಿಟ್ಟು ವಾಪಸು ಬರಬೇಕು. ಇನ್ನೊಂದು ಗಂಡನ ಜೊತೆ ಅಲ್ಲೇ ಸಂಸಾರ ಮಾಡುವವರದು. ಅವನ ಕರಾರು ಇರುವ ತನಕ ನಡೆಯುತ್ತದೆ, ಆದರೆ ರುಜುವಾತು ಹೆಚ್ಚು ಕೇಳುತ್ತಾರೆ. ಯಾವುದನ್ನು ಹಾಕಿಸಲಿ, ದಿನ ಕಡಿಮೆ ಇದೆ, ಮೊದಲನೆಯದೇ ಸುಲಭ ಎಂದರು.

ನಾನು ಹೇಳಿದ್ದು ಇಷ್ಟು. "ಒಂದು ತಿಂಗಳಿಗೆ ವಾಪಸ್ ಬರೋ ವೀಸಾ ನಮ್ಮನೆ ಕಡೆ ತರ್ಲೇಬೇಡಿ. ಎರಡು ವರ್ಷ ಅಲ್ಲೇ ಇರೋದು ಯಾವ್ದೋ ಅದನ್ನೇ ಹಾಕ್ಸಿ. ಮೂರು ವರ್ಷದ್ದಿದ್ರೆ ಅದೂ ಆಗ್ಬೌದು." ಗುಮಾಸ್ತರು ನಕ್ಕು, ತಂಗಿಯ ಮೇಲೆ ಬಹಳ ಪ್ರೀತಿ ನಿಮಗೆ ಎಂದರು. ಕರಾರಿನ ಪ್ರತಿಯೂ ಮದುವೆಯ ಸರ್ಟಿಫಿಕೇಟಿನ ಪ್ರತಿಯೂ ಮೊದಲೇ ಅವರ ಕಚೇರಿಯಲ್ಲಿತ್ತು. ಅದನ್ನೆಲ್ಲ ಸೇರಿಸಿ ಅದೇ ದಿನ ವಿಮಾನದ ಅಂಚೆಯಲ್ಲಿ ಡೆಲ್ಲಿಗೆ ಕಳುಹಿಸುತ್ತೇವೆ, ಅಲ್ಲಿಂದ ನೇರವಾಗಿ ನಮ್ಮ ಬೊಂಬಾಯಿ ಕಚೇರಿಗೆ ಬರುವಂತೆ ಮಾಡುತ್ತೇವೆ, 22ನೇ ತಾರೀಖು ಶನಿವಾರ ಅಲ್ಲೇ ತೆಗೆದುಕೊಂಡು ಹಡಗು ಹತ್ತಲಿ ಎಂದು ಹೇಳಿ ರಸೀತಿ ಕೊಟ್ಟರು. ಶುಲ್ಕವನ್ನು ನಾನೇ ಕಟ್ಟಿದೆನು. ರಸೀತಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆನು. ಅಮ್ಮನ ಮಂಡಿ ಹೇಗಿದೆ ಎಂದು ಯಜಮಾನರು ಕೇಳಿದರು. ಪರವಾಗಿಲ್ಲ ಎಂದೆನು.

ಅಲ್ಲಿಂದ ಮುಂದೆ ಆ ಗಂಟಿಗೆ ದೀಪ ಹಚ್ಚುವುದು ನನಗೆ ಕಷ್ಟವಾಗಲಿಲ್ಲ. ಒಳಗೆ ಯಾರಿದ್ದಾರೆಂದು ನನಗೆ ಗೊತ್ತಿತ್ತು. ಒಂದು ದಿನ ತುಪ್ಪದ ದೀಪವನ್ನೇ ಹಚ್ಚಿದೆನು.

ಹೊರಡುವ ದಿನ ರಸೀತಿಯನ್ನು ಕೌಸಲ್ಯಳನ್ನು ಪಕ್ಕಕ್ಕೆ ಕರೆದು ಕೊಡಬೇಕೆಂದಿದ್ದೆನು. 18ನೇ ತಾರೀಖು ಮಂಗಳವಾರ ಮಧ್ಯಾಹ್ನ ನಾನು ಅವರ ದಾರಿಗೆಂದು ಚಿತ್ರಾನ್ನ ಕಲಸುತ್ತಿದ್ದೆನು. ಆಗ ಅಲಮೇಲಮ್ಮನವರು ನನಗೆ ತಿಳಿಸದೆ ದೇವರ ಮನೆಯಿಂದ ಗಂಟನ್ನು ತಂದು, ಪಾಸ್‌ಪೋರ್ಟನ್ನು ಮಗನ ಜೇಬಿಗೆ ಇಡಬೇಕೆಂದು ಜಗಲಿಯ ಮೇಲೆ ಎಲ್ಲರ ಮುಂದೆ ಬಿಚ್ಚಿದರು. ಬಟ್ಟೆ ಬಿಡಿಸಿದಾಗ ನಮ್ಮ ಫೋಟೋ ಕೆಳಗೆ ಬಿದ್ದಿತು. ವಠಾರದವರೆಲ್ಲ ಸೇರಿದ್ದರು. ಅಲಮೇಲಮ್ಮನವರು ಎದೆ ಬಡಿದುಕೊಂಡು, ನನ್ನ ಮಗ ಸೊಸೆಯ ಯೋಗವನ್ನು ಇವಳು ಬದಲಾಯಿಸಿಕೊಂಡಳು ಎಂದು ಕೂಗಿದರು.

ಯಜಮಾನರು ಫೋಟೋ ಎತ್ತಿಕೊಂಡು ನನ್ನ ಕಡೆ ತಿರುಗಿ "ಎಲ್ಲಿಟ್ಟಿದೀಯೇ ಅಂಬುಜ, ಕೊಟ್ಬಿಡು" ಎಂದರು. ತೆಗೆದೆಯಾ ಎಂದು ಕೇಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಕೌಸಲ್ಯ ಅಳುತ್ತಿದ್ದಳು. ಅವಳಿಗೆ ಕಣ್ಣೊರೆಸಿಕೊಳ್ಳಲು ತಮ್ಮ ಹೆಗಲ ಮೇಲಿದ್ದ ವಲ್ಲಿಯನ್ನು ತೆಗೆದು ಕೊಟ್ಟರು. ರಸೀತಿ ನನ್ನ ಸೆರಗಿನ ತುದಿಯಲ್ಲೇ ಇತ್ತು, ಬಿಚ್ಚಿ ಕೊಡಲು ಒಂದು ನಿಮಿಷ ಸಾಕಿತ್ತು. ಆದರೆ ಆ ವಲ್ಲಿಯನ್ನು ನೋಡಿದ ಮೇಲೆ ನನ್ನ ಬಾಯಿಗೆ ಬೀಗ ಬಿದ್ದಿತು. ಎಲ್ಲರೂ ಸೇರಿ ನಮ್ಮ ಮನೆಯೆಲ್ಲ ಹುಡುಕಿದರು, ಒಲೆಯ ಬೂದಿಯನ್ನೂ ಕೆದಕಿದರು. ನಾನು ಚಿತ್ರಾನ್ನದ ಮುಂದೆಯೇ ಕುಳಿತಿದ್ದೆನು. ರೈಲು ಹೋಯಿತು. ಪಟ್ಟಾಭಿರಾಮ ಠಾಣೆಗೆ ಹೋದನು.

ಇವತ್ತು ಬೆಳಿಗ್ಗೆ ಮಾತ್ರ ನನಗೆ ಭಯ ಹುಟ್ಟಿತು. ಜೈಲಿನ ಭಯವಲ್ಲ. ಶನಿವಾರದೊಳಗೆ ಅವರು ಬೊಂಬಾಯಿ ಸೇರದಿದ್ದರೆ ಹಡಗು ತಪ್ಪಿ, ಕೌಸಲ್ಯ ಟ್ರಂಕಿನ ಸಮೇತ ನಮ್ಮ ಮನೆಗೇ ಬರುತ್ತಾಳೆಂಬ ಭಯ. ಆದ್ದರಿಂದ ಬಂದು ಸದರಿ ರಸೀತಿಯನ್ನು ಹಾಜರುಪಡಿಸಿರುತ್ತೇನೆ.

ಹೆಡ್ ಕಾನ್ಸ್‌ಟೇಬಲ್‌ರವರು ಅದನ್ನು ಓದಿ, ನನ್ನ ಹಿಂದೆಯೇ ಬಂದು ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನನ್ನ ಯಜಮಾನರನ್ನೂ ಪಟ್ಟಾಭಿರಾಮ ಕೌಸಲ್ಯರನ್ನೂ ಒಳಕ್ಕೆ ಕರೆಸಿದರು. ಪಟ್ಟಾಭಿರಾಮ ರಸೀತಿಯನ್ನು ಮೂರು ಸಲ ಓದಿ, ಹಣೆಗೆ ಕೈಯಿಟ್ಟುಕೊಂಡು, ಅತ್ತಿಗೆ ಇಲ್ಲದಿದ್ದರೆ ಇವಳನ್ನು ಬಂದರಿನಲ್ಲೇ ಬಿಟ್ಟು ಹೋಗಬೇಕಾಗಿತ್ತು ಎಂದನು. ದೂರನ್ನು ವಾಪಸು ಪಡೆಯುವುದಾಗಿಯೂ, ನಾಳೆ ಗುರುವಾರದ ರೈಲಿಗೆ ಹೊರಡುವುದಾಗಿಯೂ ಬರೆದುಕೊಟ್ಟನು. ಕೌಸಲ್ಯ ನನ್ನ ಕೈ ಹಿಡಿದುಕೊಂಡು "ನನ್ನ ಮೇಲೆ ಇಷ್ಟೊಂದು ಪ್ರೀತಿ ಇಟ್ಕೊಂಡಿದೀಯ ಅಂತ ಗೊತ್ತೇ ಇರ್ಲಿಲ್ಲ ಅಕ್ಕ" ಎಂದು ಅತ್ತಳು. ನಾನು "ಪ್ರೀತಿ ಅಲ್ಲ ಕಣೇ, ಹೊಟ್ಟೆಕಿಚ್ಚು. ಎರಡು ವರ್ಷ ಈ ಕಡೆ ತಲೆ ಹಾಕ್ಬೇಡ" ಎಂದೆನು. ಅವಳು ಅಳುತ್ತಲೇ ನಕ್ಕಳು. ನಾನು ತಮಾಷೆ ಮಾಡಲಿಲ್ಲವೆಂದು ಇದರಲ್ಲಿ ದಾಖಲಾಗಬೇಕೆಂದು ಕೋರುತ್ತೇನೆ.

ನಿನ್ನೆ ಪಟ್ಟಾಭಿರಾಮ ದೂರಿನ ಜೊತೆ ಕೊಟ್ಟಿದ್ದ ನಮ್ಮ ಫೋಟೋ ಮೇಜಿನ ಮೇಲೆಯೇ ಇತ್ತು. ಯಜಮಾನರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡದೆ, ಯಾವ ವೀಸಾ ಬೇಕು ಎಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. "ನೀವು ಹೇಳ್ಕೊಡ್ತಿದ್ರಲ್ಲ, ನಾನು ಬಾಗಿಲ ಹಿಂದೆ ಇದ್ದೆ" ಎಂದೆನು. ಅವರು ಫೋಟೋವನ್ನು ಕೈಗೆ ಎತ್ತಿಕೊಂಡರು. ಇದನ್ನು ಕೊಟ್ಟುಬಿಡಿ ಸ್ವಾಮಿ, ಮನೆಗೆ ತೆಗೆದುಕೊಂಡು ಹೋಗುತ್ತೇವೆ ಎಂದು ಹೆಡ್ ಕಾನ್ಸ್‌ಟೇಬಲ್‌ರವರನ್ನು ಕೇಳಿದರು.

ಅದಕ್ಕೆ ನನ್ನ ಆಕ್ಷೇಪಣೆ ಇರುತ್ತದೆ. ಸದರಿ ಫೋಟೋ ಪ್ರಸ್ಥಾನದ ಗಂಟಿನಲ್ಲಿ ದೀಪ ಹಚ್ಚಿಸಿಕೊಂಡು ಇದ್ದದ್ದು. ಪ್ರಸ್ಥಾನಕ್ಕೆ ಇಟ್ಟದ್ದನ್ನು ಹೊರಡದೆ ಮನೆಯೊಳಕ್ಕೆ ತರುವ ಹಾಗಿಲ್ಲ. ಈ ಠಾಣೆ ನಮ್ಮ ಮನೆಗೆ ಉತ್ತರಕ್ಕೇ ಇದೆ. ಆದ್ದರಿಂದ ಫೋಟೋವನ್ನು ಇಲ್ಲೇ ಇಟ್ಟುಕೊಂಡಿರಬೇಕೆಂದು ಕೋರಿರುತ್ತೇನೆ. "ಎಷ್ಟು ದಿನ ಅಂತ ಮಡೀಕಳನಮ್ಮಾ" ಎಂದು ಹೆಡ್ ಕಾನ್ಸ್‌ಟೇಬಲ್‌ರವರು ಕೇಳಿದ್ದಕ್ಕೆ, ನಾವಿಬ್ಬರೂ ಹೊರಡುವ ತನಕ ಎಂದು ಹೇಳಿರುತ್ತೇನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದನ್ನು ಕೇಳಿದೆನು. ಹೊಟ್ಟೆಕಿಚ್ಚಿನ ವಿಷಯವನ್ನೂ ಬಿಡದೆ ನಾನು ಹೇಳಿದ ಹಾಗೆಯೇ ಬರೆದಿರುತ್ತಾರೆ, ಎಲ್ಲವೂ ನಿಜವಾಗಿರುತ್ತದೆ ಎಂದು ಒಪ್ಪಿ ಸಹಿ ಹಾಕಿರುತ್ತೇನೆ.

ಸ್ಥಳ: ತುಮಕೂರು
ದಿನಾಂಕ: 19-7-1961

(ಸಹಿ) ಅಂಬುಜಮ್ಮ

ನನ್ನ ಸಮಕ್ಷಮ ಬರೆದುಕೊಂಡದ್ದು. ಫೋಟೋ ಒಂದು, ರಟ್ಟಿನ ಸಮೇತ, ಠಾಣೆಯ ಬೀರುವಿನಲ್ಲಿ ಇಡಲಾಗಿದೆ.
(ಸಹಿ) ದೊಡ್ಡರಂಗಯ್ಯ, ಹೆಡ್ ಕಾನ್ಸ್‌ಟೇಬಲ್